ತೆಳ್ಳಗಿನ ಮೈಗೆ ಕಸುವು ತುಂಬುವ ಬಗೆ

ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ನಾನು ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ದಪ್ಪಗಿರುವವರಿಗೆ ತೂಕ ಇಳಿಸುವ ಸಲಹೆ ಕೊಡಲು ಬೀದಿಗೊಬ್ಬರು ಸಿಗುತ್ತಾರೆ. ತೆಳ್ಳಗಿರುವವರಿಗೆ ಸಿಗುವುದು ಬರೀ ಮಾತು. ಮದುವೆ ಮನೆಯಲ್ಲಿ ಯಾರೋ ನೆಂಟರು ತೋಳು ಹಿಡಿದು ನೋಡಿ, 'ಏನು ಮಗ, ಮನೆಯಲ್ಲಿ ಊಟ ಹಾಕುವುದಿಲ್ಲವೇ?' ಎಂದು ಕೇಳುತ್ತಾರೆ. ಮೈದಾನದಲ್ಲಿ ಜೊತೆಯ ಹುಡುಗರು 'ಕಡ್ಡಿ ಪೈಲ್ವಾನ್' ಎಂದು ಹೆಸರಿಡುತ್ತಾರೆ. ದಪ್ಪಗಿರುವವರ ಮೈಯ ಬಗ್ಗೆ ಹೀಗೆ ಆಡಬಾರದು ಎಂಬ ತಿಳಿವಳಿಕೆ ಈಗೀಗ ಬರುತ್ತಿದೆ. ತೆಳ್ಳಗಿರುವವರ ವಿಷಯದಲ್ಲಿ ಮಾತ್ರ ಅದನ್ನು ಅಕ್ಕರೆಯೆಂದೇ ಭಾವಿಸಿದ್ದೇವೆ. ಇಲ್ಲಿರುವ ಹಿರಿಯರಲ್ಲಿ ನನ್ನ ಮೊದಲ ವಿನಂತಿ ಇದು: ಮಕ್ಕಳ ತೋಳು ಹಿಡಿದು ನೋಡುವುದನ್ನು ಬಿಡಿ. ಆ ಒಂದು ಮಾತಿನಿಂದ ಊಟದ ತಟ್ಟೆಯ ಮುಂದೆ ಕೂರಲು ಹಿಂಜರಿದ ಮಕ್ಕಳನ್ನು ನಾನು ಕಂಡಿದ್ದೇನೆ.

ತೆಳ್ಳಗಿರುವುದೆಲ್ಲ ರೋಗವಲ್ಲ. ವಂಶದಲ್ಲೇ ಸಣಕಲು ಮೈ ಇರುವ ಕುಟುಂಬಗಳಿವೆ. ಅಪ್ಪ, ಚಿಕ್ಕಪ್ಪ, ಅಜ್ಜ ಎಲ್ಲರೂ ಹಾಗೇ ಇದ್ದು, ಎಂಬತ್ತು ದಾಟಿದ ಮೇಲೂ ತೋಟ ಸುತ್ತಿ ಬರುತ್ತಾರೆ. ಆದರೂ ಒಂದು ಅಳತೆಗೋಲು ಬೇಕಲ್ಲ. ಕಿಲೋ ಲೆಕ್ಕದ ತೂಕವನ್ನು, ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. ವಯಸ್ಕರಲ್ಲಿ ಉತ್ತರ 18.5ಕ್ಕಿಂತ ಕಡಿಮೆ ಬಂದರೆ ತೂಕ ಸಾಲದು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಅದಕ್ಕಿಂತ ಹೆಚ್ಚಿದ್ದೂ ಕಸುವು ಬೇಕೆನ್ನಿಸಿದರೆ ಅದೂ ಒಳ್ಳೆಯ ಆಸೆಯೇ. ಇಂದಿನ ಮಾತು ಇಬ್ಬರಿಗೂ ಸಲ್ಲುತ್ತದೆ.

ಊಟದ ವಿಷಯಕ್ಕೆ ಹೋಗುವ ಮೊದಲು ವೈದ್ಯರ ವಿಷಯ. ಮೊದಲಿನಿಂದಲೂ ತೆಳ್ಳಗಿರುವುದು ಬೇರೆ, ಇದ್ದ ತೂಕ ತಾನಾಗಿ ಇಳಿಯುವುದು ಬೇರೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ನೂರಕ್ಕೆ ಐದು ಭಾಗ ಕಾರಣವಿಲ್ಲದೆ ಕರಗಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕೆ ಇಳಿದಿದ್ದರೆ, ವ್ಯಾಯಾಮ ಶುರುಮಾಡಬೇಡಿ, ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಬಾಯಾರಿಕೆ ಮತ್ತು ಮೂತ್ರ ಹೆಚ್ಚಾಗಿ ತೂಕ ಇಳಿದರೆ ಅದು ಸಕ್ಕರೆ ಕಾಯಿಲೆಯಾಗಿರಬಹುದು, ಹದಿಹರೆಯದಲ್ಲೂ ಬರುತ್ತದೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯದ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೊಟ್ಟೆಹುಳ ಮತ್ತು ರಕ್ತಹೀನತೆ ತೋಟದ ಸೀಮೆಯಲ್ಲಿ ಮರೆಯಬಾರದ ಇನ್ನೆರಡು ಸಂಗತಿಗಳು.

ಇವೆಲ್ಲ ಇಲ್ಲವೆಂದಾದ ಮೇಲೆ ಉಳಿಯುವವರು ನಿಜವಾದ ಸಹಜ ತೆಳುದೇಹಿಗಳು. ಅವರಲ್ಲಿ ಹೆಚ್ಚಿನವರು ನನ್ನ ಬಳಿ ಹೇಳುವುದು ಒಂದೇ ಮಾತು: 'ಸಾರ್, ನಾನು ತುಂಬಾ ತಿನ್ನುತ್ತೇನೆ, ಆದರೂ ಮೈ ಹತ್ತುವುದಿಲ್ಲ.'

ಸಿದ್ದಾಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯೊಬ್ಬ ಹೀಗೆಯೇ ಹೇಳಿದ. ವಯಸ್ಸು 19, ಎತ್ತರ 172 ಸೆಂಟಿಮೀಟರ್, ತೂಕ 52 ಕಿಲೋ. ಲೆಕ್ಕ ಹಾಕಿದರೆ 17.6 ಬರುತ್ತದೆ. ವಾದ ಮಾಡುವ ಬದಲು, ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದುಕೊಂಡು ಬಾ ಎಂದೆ. ಪ್ರಾಮಾಣಿಕ ಹುಡುಗ, ಎಲ್ಲವನ್ನೂ ಬರೆದ. ಬೆಳಿಗ್ಗೆ ಬೆಲ್ಲದ ಕರಿಕಾಫಿ. ಬಸ್ಸಿನ ಹೊತ್ತಾಗುವ ಮೊದಲು ಮೂರು ಅಕ್ಕಿ ರೊಟ್ಟಿ, ಚಟ್ನಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಂದು ತಟ್ಟೆ ಅನ್ನ, ಸಾಂಬಾರು. ನಾಲ್ಕಕ್ಕೆ ಚಹಾ, ಒಂದು ಬನ್ನು. ಆಮೇಲೆ ಹಾಕಿ ಅಭ್ಯಾಸ. ಮನೆ ಸೇರಿದ ಮೇಲೆ ಅನ್ನ, ಸಾರು, ಇದ್ದರೆ ಎರಡು ತುಂಡು ಕೋಳಿ. ಕೂಡಿಸಿದರೆ ಎರಡು ಸಾವಿರ ಕ್ಯಾಲರಿಯ ಆಸುಪಾಸು. ಭಾನುವಾರದ ಪುಟ ಮಾತ್ರ ಬೇರೆಯೇ ಕಥೆ: ಕಡಂಬುಟ್ಟು ಎಂಬ ಅಕ್ಕಿಯ ಕಡುಬು, ಪಂದಿ ಕರಿ ಎಂಬ ಹಂದಿಮಾಂಸದ ಸಾರು, ಮತ್ತೆ ಅನ್ನ, ಪಾಯಸ, ಸಂಜೆ ಮತ್ತೊಂದು ಸುತ್ತು. ಅವನ ನೆನಪಿನಲ್ಲಿ ನಿಂತದ್ದು ಆ ಭಾನುವಾರ. ಉಳಿದ ಆರು ದಿನ ಅವನಿಗೇ ನೆನಪಿರಲಿಲ್ಲ. ವಾರದ ಸರಾಸರಿ ತೆಗೆದಾಗ, ಅವನ ಮೈಯನ್ನು ಇದ್ದಲ್ಲೇ ಇಟ್ಟುಕೊಳ್ಳಲು ಎಷ್ಟು ಬೇಕೋ ಅಷ್ಟೇ ಇತ್ತು. ಅವನು ಸುಳ್ಳು ಹೇಳಿರಲಿಲ್ಲ. ಒಂದು ದಿನದ ಹಬ್ಬದೂಟವನ್ನು ದಿನದೂಟವೆಂದು ಮನಸ್ಸು ನಂಬಿಸಿಬಿಟ್ಟಿತ್ತು, ಅಷ್ಟೇ. ತೆಳ್ಳಗಿರುವ ಬಹುಪಾಲು ಮಂದಿಯ ಕಥೆ ಇದೇ.

ಇದಕ್ಕೆ ಇನ್ನೊಂದು ಮುಖವೂ ಇದೆ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 16 ಮಂದಿಗೆ ಎಂಟು ವಾರ ಕಾಲ ಅವರ ಅಗತ್ಯಕ್ಕಿಂತ ದಿನಕ್ಕೆ 1000 ಕ್ಯಾಲರಿ ಹೆಚ್ಚಾಗಿ ಉಣಿಸಿದ್ದರು. ಎಲ್ಲರಿಗೂ ಸಮನಾಗಿ ಕೊಬ್ಬು ಕೂಡಬೇಕಿತ್ತಲ್ಲವೇ? ಒಬ್ಬರಿಗೆ ಅರ್ಧ ಕಿಲೋ ಕೂಡ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋಗಿಂತ ಹೆಚ್ಚು ಸೇರಿತು. ವ್ಯತ್ಯಾಸ ಎಲ್ಲಿತ್ತೆಂದರೆ, ಕೆಲವರ ಮೈ ಹೆಚ್ಚುವರಿ ಊಟ ಬಿದ್ದ ಕೂಡಲೇ ತನಗೆ ತಿಳಿಯದಂತೆ ಹೆಚ್ಚು ಅಲುಗಾಡಲು ತೊಡಗಿತ್ತು. ಕೂತಲ್ಲಿ ಕಾಲು ಕುಣಿಸುವುದು, ಪದೇಪದೇ ಏಳುವುದು, ಮಾತಾಡುತ್ತ ಅತ್ತಿತ್ತ ನಡೆಯುವುದು. ಹೀಗಾಗಿ 'ಎಷ್ಟು ತಿಂದರೂ ಹತ್ತುವುದಿಲ್ಲ' ಎಂಬ ಮಾತಿನಲ್ಲಿ ಸತ್ಯಾಂಶವಿದೆ. ನಿಮ್ಮ ಮೈ ಖರ್ಚು ಮಾಡುವ ಜಾತಿಯದು. ಅದು ಸೋಲಲ್ಲ. ಬೇರೆಯವರಿಗಿಂತ ನಿಮ್ಮ ತಟ್ಟೆಗೆ ಸ್ವಲ್ಪ ಹೆಚ್ಚು ಬೀಳಬೇಕು, ಅದೂ ದಿನ ಬಿಡದೆ ಬೀಳಬೇಕು ಎಂದಷ್ಟೇ ಅದರ ಅರ್ಥ.

ಎಷ್ಟು ಹೆಚ್ಚು? ಈಗ ತಿನ್ನುತ್ತಿರುವುದರ ಮೇಲೆ ದಿನಕ್ಕೆ 300ರಿಂದ 500 ಕ್ಯಾಲರಿ. ಅದಕ್ಕೆ ಹಬ್ಬದೂಟ ಬೇಕಿಲ್ಲ. ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಇಷ್ಟರಲ್ಲಿ ಸುಮಾರು 480 ಕ್ಯಾಲರಿ, 27 ಗ್ರಾಂ ಪ್ರೋಟೀನ್ ಇದೆ. ಆ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಮೊಟ್ಟೆ ಬೆಳಗಿನ ರೊಟ್ಟಿಯ ಜೊತೆ, ಕಡಲೆಕಾಯಿ ಬೀಜ ಬ್ಯಾಗಿನಲ್ಲಿ ಡಬ್ಬಿಯೊಳಗೆ, ಹಾಲು ಮಲಗುವ ಮುಂಚೆ. ಊಟಕ್ಕೆ ಕೈ ಹಾಕಲಿಲ್ಲ, ಊಟಗಳ ನಡುವಿನ ಖಾಲಿ ಜಾಗಕ್ಕೆ ಕೈ ಹಾಕಿದೆವು.

ನಮ್ಮ ಜಿಲ್ಲೆಯ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದದ್ದು ಧಾರಾಳವಾಗಿದೆ, ನಾವು ಅದನ್ನು ಹಾಗೆ ನೋಡುವುದಿಲ್ಲ. ಬಟರ್‌ಫ್ರೂಟ್ ಎನ್ನುವ ಬೆಣ್ಣೆಹಣ್ಣು ಕಾಫಿ ತೋಟದಲ್ಲಿ ಉದುರಿ ಕೊಳೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನೂರು ಗ್ರಾಂ ತಿರುಳಿನಲ್ಲಿ 160 ಕ್ಯಾಲರಿ, ಬಹುಪಾಲು ಒಳ್ಳೆಯ ಕೊಬ್ಬು. ಹಾಲು ಮತ್ತು ಸ್ವಲ್ಪ ಬೆಲ್ಲ ಹಾಕಿ ಕಡೆದರೆ ಹಸಿವಿಲ್ಲದ ದಿನವೂ ಕುಡಿಯಬಹುದು. ಜಗಿಯುವುದಕ್ಕಿಂತ ಕುಡಿಯುವುದು ಹೊಟ್ಟೆಗೆ ಹಗುರ ಎಂಬುದು ಬೇಗ ಹೊಟ್ಟೆ ತುಂಬಿಬಿಡುವವರಿಗೆ ದೊಡ್ಡ ಅನುಕೂಲ. ನೂಲ್‌ಪುಟ್ಟು ಎಂಬ ಅಕ್ಕಿ ಶ್ಯಾವಿಗೆಗೆ ತೆಂಗಿನ ಹಾಲು, ಅಕ್ಕಿತರಿಯ ಪಾಪುಟ್ಟಿನ ಮೇಲೆ ಒಂದು ಚಮಚ ತುಪ್ಪ, ನೇಂದ್ರ ಬಾಳೆ, ಹಲಸಿನ ಕಾಲದಲ್ಲಿ ಹಲಸಿನ ಬೀಜದ ಪಲ್ಯ. ಮಾಂಸ ತಿನ್ನುವವರಿಗೆ ಕೋಳಿ, ಮೀನು, ಪಂದಿ ಕರಿ ಎಲ್ಲವೂ ಆದೀತು. ಪಂದಿಯಲ್ಲಿ ಬಿಳಿ ಕೊಬ್ಬಿಗಿಂತ ಕೆಂಪು ಮಾಂಸ ನೋಡಿ ಹಾಕಿಸಿಕೊಳ್ಳಿ. ಸೋಮವಾರಪೇಟೆ, ಶನಿವಾರಸಂತೆ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಹೆಸರುಕಾಳು, ಹುರುಳಿ, ಅವರೆ, ಕಡಲೆ, ಮೊಸರು ಇವೆ. ಕಾಳನ್ನು ಸಾರಿನಲ್ಲಿ ಹುಡುಕಿ ತೆಗೆಯುವಂತೆ ಹಾಕಬೇಡಿ, ತಟ್ಟೆಯಲ್ಲಿ ಅನ್ನದ ಪಕ್ಕದಲ್ಲಿ ಕಣ್ಣಿಗೆ ಕಾಣುವಷ್ಟು ಹಾಕಿ.

ಕೊಡಗಿನವರಿಗೆ ಹೇಳಲು ಕಷ್ಟವಾದ ಮಾತೊಂದಿದೆ, ಕಾಫಿ. ಊಟಕ್ಕೆ ಮುಂಚಿನ ಕಾಫಿ ಹಸಿವನ್ನು ಮಂಕಾಗಿಸುತ್ತದೆ. ಊಟದ ಜೊತೆಗಿನ ಕಾಫಿ ಅನ್ನ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತದೆ. ಬಿಡಿ ಎನ್ನುವುದಿಲ್ಲ. ತಿಂಡಿ ಆಗಿ ಒಂದು ಗಂಟೆಯ ಮೇಲೆ ಕುಡಿಯಿರಿ, ಸಂಜೆಯ ಮೇಲೆ ಬೇಡ, ನಿದ್ದೆ ಕೆಡುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಮದ್ಯದ ಬಗ್ಗೆ ಚೌಕಾಸಿ ಮಾಡುವುದಿಲ್ಲ. ಹೊಗೆ ಹಸಿವನ್ನು ಕೊಲ್ಲುತ್ತದೆ, ಮದ್ಯ ಮಾಂಸಖಂಡ ಬೆಳೆಯುವುದನ್ನೇ ತಡೆಯುತ್ತದೆ.

ಇನ್ನು ಇಂದಿನ ಮಾತಿನ ಮುಖ್ಯ ಭಾಗ. ತಿಂದು ತೂಕ ಏರಿಸಿದರೆ ಸಾಕೇ? 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ 22.3, ಒಂದೇ ಅಂಕಿ. ಮೈಯ ಕೊಬ್ಬು ಅಳೆದಾಗ ಬ್ರಿಟನ್ನಿನವರದು ನೂರಕ್ಕೆ 9.1, ನಮ್ಮವರದು 21.2. ಭಾರತೀಯರು ಹೊರಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ ಎಂಬುದಕ್ಕೆ ಅದೊಂದು ಚಿತ್ರ ಸಾಕು. ಸಕ್ಕರೆ ಕಾಯಿಲೆ ನಮ್ಮಲ್ಲಿ ಸಣ್ಣ ವಯಸ್ಸಿಗೇ, ತೆಳ್ಳಗಿರುವವರಿಗೂ ಬರುವುದರ ಹಿಂದೆ ಇದೂ ಒಂದು ಕಾರಣ. ಹಾಗಾಗಿ ಬೇಕರಿ ತಿಂಡಿ, ಸಿಹಿ ಪಾನೀಯ ಸುರಿದುಕೊಂಡು ಐದು ಕಿಲೋ ಏರಿದವನನ್ನು ನಾನು ಹೊಗಳಲಾರೆ. ಕೈಕಾಲು ಹಾಗೇ ಉಳಿದು ಹೊಟ್ಟೆ ಮಾತ್ರ ಮುಂದೆ ಬಂದರೆ ಮೊದಲಿನ ತೆಳ್ಳಗಿನ ಮೈಯೇ ವಾಸಿಯಿತ್ತು.

ಮಾಂಸಖಂಡ ಬೆಳೆಯಲು ಅದಕ್ಕೆ ಕಾರಣ ಕೊಡಬೇಕು. ಕಾಫಿ ಬೆಳೆಯುವ ನಿಮಗೆ ಗೊತ್ತಿದೆ, ಎಷ್ಟು ಗೊಬ್ಬರ ಹಾಕಿದರೂ ಮಾರ್ಚ್-ಏಪ್ರಿಲ್‌ನ ಹೂಮಳೆ ಬೀಳದೆ ಮೊಗ್ಗು ಅರಳುವುದಿಲ್ಲ. ಊಟ ಗೊಬ್ಬರ, ಭಾರ ಎತ್ತುವುದು ಹೂಮಳೆ. ಭಾರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದಾಗ, ಇಂದು ಕಷ್ಟವಾದದ್ದು ಮುಂದಿನ ಸಲ ಕಷ್ಟವಾಗದಿರಲೆಂದು ಮೈ ತನ್ನ ಎಳೆಗಳನ್ನು ದಪ್ಪ ಮಾಡಿಕೊಳ್ಳುತ್ತದೆ. ಈ ಕ್ರಮವನ್ನು ಎರಡನೇ ಮಹಾಯುದ್ಧದ ಗಾಯಾಳು ಸೈನಿಕರ ಕಾಲಿಗೆ ಬಲ ತುಂಬಲು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಬಳಸಿದರು, 1945ರಲ್ಲಿ ಬರೆದು ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಅದಕ್ಕೂ ಮುಂಚೆಯೇ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ವ್ಯಾಯಾಮ ಶಾಲೆಯಲ್ಲಿ ಭಾರವನ್ನೂ ಹಠಯೋಗವನ್ನೂ ಜೊತೆಯಾಗಿ ಕಲಿಸುತ್ತಿದ್ದರು. ಕನ್ನಡದ ಸಾಹಿತಿಯಾಗಿಯೂ ಹೆಸರಾದ ಅವರು ದೇಹಸಾಧನೆಯನ್ನು ಓದು-ಬರಹದಷ್ಟೇ ಗೌರವದಿಂದ ಕಂಡವರು.

ಜಿಮ್ ಇದ್ದರೆ ಒಳ್ಳೆಯದು. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ, ಕುಶಾಲನಗರದ ಹುಡುಗರಿಗೆ ಅದು ಸಿಗುತ್ತದೆ. ಒಳಗಿನ ಊರಿನವರಿಗೆ, ಸಂಜೆ ಐದೂವರೆಗೆ ಕೊನೆಯ ಬಸ್ಸು ಹಿಡಿಯಬೇಕಾದವರಿಗೆ ಏನು ಮಾಡುವುದು? ಅವರಿಗಾಗಿ ನಾನು ಇಂದು ಈ ಚೀಲ ತಂದಿದ್ದೇನೆ. ಖಾಲಿ ಗೊಬ್ಬರದ ಚೀಲ, ಚೆನ್ನಾಗಿ ತೊಳೆದು ಒಣಗಿಸಿದ್ದು. ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಒಣ ಮರಳು. ಬಾಯಿಯನ್ನು ನೈಲಾನ್ ಹಗ್ಗದಿಂದ ಎರಡು ಕಡೆ ಬಿಗಿದಿದೆ. ಚೀಲದ ಮೂರನೇ ಒಂದು ಭಾಗ ಖಾಲಿ ಬಿಟ್ಟಿರುವುದನ್ನು ನೋಡಿ. ತುಂಬಿದ ಚೀಲ ಕೈಗೆ ಸಿಗುವುದಿಲ್ಲ, ಖಾಲಿ ಜಾಗವಿದ್ದರೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯಬಹುದು. ಕಾಫಿ ತೂಗುವ ಯಂತ್ರದಲ್ಲಿ ತೂಗಿ, ಮೇಲೆ ತೂಕ ಬರೆಯಿರಿ. ಮೊದಲ ಚೀಲ 12-15 ಕಿಲೋ ಸಾಕು. ಕಾಫಿ ಕೊಯ್ಲಿನಲ್ಲಿ ಐವತ್ತು ಕಿಲೋ ಚೀಲ ಹೊರುವವರನ್ನು ನೋಡಿ ನಾಳೆಯೇ ಅಷ್ಟಕ್ಕೆ ಕೈ ಹಾಕಬೇಡಿ.

ಇದೊಂದರಲ್ಲೇ ಇಡೀ ಮೈಗೆ ಕೆಲಸವಿದೆ. ಎದೆಗೆ ಅಪ್ಪಿಕೊಂಡು ಕುಕ್ಕರಗಾಲಿಗೆ ಇಳಿದು ಏಳುವುದು. ನೆಲದಿಂದ ಸೊಂಟದವರೆಗೆ ಎತ್ತುವುದು. ಮುಂದಕ್ಕೆ ಬಾಗಿ ನಿಂತು ಹೊಟ್ಟೆಯ ಕಡೆಗೆ ಎಳೆಯುವುದು. ಭುಜದಿಂದ ತಲೆಯ ಮೇಲೆ ತಳ್ಳುವುದು. ಇದಕ್ಕೆ ದಂಡ ಹೊಡೆಯುವುದು ಮತ್ತು ಗಟ್ಟಿಯಾದ ಅಡ್ಡಕಂಬಿಯಲ್ಲಿ ಜೋತು ಮೈಯನ್ನು ಮೇಲಕ್ಕೆಳೆಯುವುದು ಸೇರಲಿ. ಒಂದೊಂದನ್ನೂ 8ರಿಂದ 12 ಸಲ, ಅಂಥ ಮೂರು ಸುತ್ತು, ಸುತ್ತಿನ ನಡುವೆ ಎರಡು ನಿಮಿಷ ದಮ್ಮು ತೆಗೆದುಕೊಳ್ಳಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೂರು ಸುತ್ತಿನಲ್ಲೂ 12 ಮುಟ್ಟಿದ ದಿನ ಒಂದೆರಡು ಕಿಲೋ ಮರಳು ಸೇರಿಸಿ, ಮತ್ತೆ 8ರಿಂದ ಶುರು. ನೆಲದಿಂದ ಎತ್ತುವಾಗ ಬಾಗಬೇಕಾದದ್ದು ಸೊಂಟದ ಕೀಲು ಮತ್ತು ಮಂಡಿ, ಬೆನ್ನುಮೂಳೆ ಅಲ್ಲ. ಈಗ ಒಬ್ಬ ವಿದ್ಯಾರ್ಥಿ ಮುಂದೆ ಬಂದು ಎತ್ತಿ ತೋರಿಸುತ್ತಾನೆ, ಅವನ ಬೆನ್ನನ್ನು ಪಕ್ಕದಿಂದ ಗಮನಿಸಿ. ಚೀಲ ಕಾಲಿಗೆ ಅಂಟಿಕೊಂಡೇ ಮೇಲೇಳುತ್ತಿದೆ. ಚೀಲ ದೂರವಿದ್ದಷ್ಟೂ ಬೆನ್ನಿಗೆ ಹೊರೆ ಹೆಚ್ಚು.

ಒಂದು ನೋಟುಪುಸ್ತಕ ಇಡಿ. ದಿನಾಂಕ, ಚೀಲದ ತೂಕ, ಎಷ್ಟು ಸಲ. ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಏನೂ ತಿನ್ನುವ ಮೊದಲು ಮೈತೂಕ. ತಿಂಗಳಿಗೆ ಒಂದರಿಂದ ಎರಡು ಕಿಲೋ ಏರಿದರೆ ಸರಿಯಾದ ದಾರಿ. ಅದಕ್ಕಿಂತ ವೇಗ ಬೇಕೆನ್ನುವವರು ಕೊಬ್ಬನ್ನು ಕೇಳುತ್ತಿದ್ದಾರೆ ಎಂದು ನಾನು ತಿಳಿಯುತ್ತೇನೆ. ನಾನು ಹೇಳಿದ ಆ ಹುಡುಗ ಐದು ತಿಂಗಳಲ್ಲಿ 58 ಕಿಲೋ ಮುಟ್ಟಿದ. ಅವನ ಅಂಗಿ ಭುಜದಲ್ಲಿ ಬಿಗಿಯಾಗಿದೆ, ಪ್ಯಾಂಟಿನ ಸೊಂಟ ಹೆಚ್ಚು ಬದಲಾಗಿಲ್ಲ. ನನಗೆ ತೂಕದ ಅಂಕಿಗಿಂತ ಇದರಿಂದ ಸಂತೋಷವಾಯಿತು.

ಪ್ರೋಟೀನ್ ಎಷ್ಟು ಬೇಕು ಎಂಬುದು ಎಲ್ಲರ ಪ್ರಶ್ನೆ. ಸಾಮಾನ್ಯರಿಗೆ ಮೈತೂಕದ ಕಿಲೋಗೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿದೆ. ಭಾರ ಎತ್ತಿ ಮಾಂಸಖಂಡ ಬೆಳೆಸುವವರಿಗೆ ಕಿಲೋಗೆ 1.6 ಗ್ರಾಂ ಹತ್ತಿರ ಇರಲಿ. 52 ಕಿಲೋದವನಿಗೆ ದಿನಕ್ಕೆ 83 ಗ್ರಾಂ ಆಯಿತು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಏರಿಸಬಾರದು. ನಿದ್ದೆ ಏಳರಿಂದ ಒಂಬತ್ತು ಗಂಟೆ. ರಾತ್ರಿ ಒಂದರವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಚೀಲ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಪುಡಿ, ಮಾತ್ರೆಗಳ ವಿಷಯದಲ್ಲಿ ಮಾತ್ರ ಎಚ್ಚರಿಸಲೇಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ, ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಹಾಕಿ ಹಬ್ಬ ಹತ್ತಿರ ಬಂತೆಂದರೆ, ಒಂದು ತಿಂಗಳಲ್ಲಿ ಮೈ ಬರಿಸಿಕೊಡಿ ಎಂದು ಕೇಳುವ ಹುಡುಗರಿರುತ್ತಾರೆ. ಅಂಥವರಿಗೆ ಮಾರುವ ಮಾತ್ರೆಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಇರುವುದುಂಟು. ಮುಖ ಉಬ್ಬುತ್ತದೆ, ತೂಕ ಏರುತ್ತದೆ, ಮನೆಯವರು ಹಿಗ್ಗುತ್ತಾರೆ. ಒಳಗೆ ಮೂಳೆ ಸವೆಯುತ್ತದೆ, ರಕ್ತದ ಸಕ್ಕರೆ ಏರುತ್ತದೆ, ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ತಾವಾಗಿ ಬಿಡದೆ ವೈದ್ಯರ ಮುಂದೆ ಡಬ್ಬಿ ಇಡಿ. ಹಸಿವಿಗೆಂದು ಕೊಡುವ ಸೈಪ್ರೊಹೆಪ್ಟಡಿನ್ ತೂಕಡಿಕೆ ತರುತ್ತದೆ, ಬೈಕ್ ಓಡಿಸುವವರಿಗೆ ಅಪಾಯ. ಜಿಮ್‌ಗಳಲ್ಲಿ ಗುಟ್ಟಾಗಿ ಸಿಗುವ ಚುಚ್ಚುಮದ್ದು ಬೇಡವೇ ಬೇಡ. ವೇ ಪ್ರೋಟೀನ್ ಎಂಬುದು ಹಾಲಿನಿಂದಲೇ ತೆಗೆದ ಪುಡಿ. ಒಳ್ಳೆಯದು ಸಿಕ್ಕರೆ ಕೆಡುಕಿಲ್ಲ, ಸಿಗದಿದ್ದರೆ ನಷ್ಟವೂ ಇಲ್ಲ.

ಸಭಿಕರ ಪ್ರಶ್ನೆಗಳಿಗೆ ಬರೋಣ.

ಸೇನಾ ಭರ್ತಿಗೆ ಸಿದ್ಧನಾಗುತ್ತಿರುವ ಹುಡುಗನೊಬ್ಬ, ಭಾರ ಎತ್ತಿದರೆ ಓಟ ನಿಧಾನವಾಗುವುದೇ ಎಂದು ಕೇಳಿದ. ಆಗುವುದಿಲ್ಲ. ಅಲ್ಲಿ 1.6 ಕಿಲೋಮೀಟರ್ ಓಟವೂ ಇದೆ, ಕಂಬಿಯಲ್ಲಿ ಮೈ ಎತ್ತುವುದೂ ಇದೆ, ಎದೆ 5 ಸೆಂಟಿಮೀಟರ್ ಹಿಗ್ಗಬೇಕೆಂಬ ನಿಯಮವೂ ಇದೆ. ಎತ್ತರಕ್ಕೆ ತಕ್ಕ ತೂಕವನ್ನೂ ನೋಡುತ್ತಾರೆ. ದಿನಾ ಹತ್ತು ಕಿಲೋಮೀಟರ್ ಓಡಿ ಇದ್ದದ್ದನ್ನೂ ಕರಗಿಸಿಕೊಳ್ಳುವ ಬದಲು ವಾರಕ್ಕೆ ಮೂರು ದಿನ ಚುರುಕಾಗಿ ಓಡು, ಉಳಿದ ಮೂರು ದಿನ ಚೀಲ ಎತ್ತು. ಓಡಿದ ದಿನ ಇನ್ನೊಂದು ತಟ್ಟೆ ಹೆಚ್ಚು ತಿನ್ನು.

ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ: ಹುಡುಗಿಯರು ಭಾರ ಎತ್ತಿದರೆ ಮೈ ಗಂಡಸರಂತೆ ಆಗುವುದೇ? ಆಗುವುದಿಲ್ಲ, ಅದಕ್ಕೆ ಬೇಕಾದ ಹಾರ್ಮೋನು ಹೆಣ್ಣಿನ ಮೈಯಲ್ಲಿ ತೀರಾ ಕಡಿಮೆ. ಮೂಳೆ ಗಟ್ಟಿಯಾಗುವುದು ಮಾತ್ರ ಖಂಡಿತ. ಇನ್ನೊಂದು ಮಾತನ್ನು ತಾಯಂದಿರ ಎದುರಿಗೇ ಹೇಳುತ್ತೇನೆ. ತೂಕ ಕಡಿಮೆಯಿದ್ದು ಮೂರು ತಿಂಗಳು ಮುಟ್ಟು ನಿಂತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಹಾಗೆಯೇ ಮಗಳು ಬೇಕೆಂದೇ ಊಟ ಬಿಡುತ್ತಿದ್ದಾಳೆ, ಮೂಳೆ ಕಾಣುತ್ತಿದ್ದರೂ ತಾನು ದಪ್ಪ ಎನ್ನುತ್ತಿದ್ದಾಳೆ ಎಂದಾದರೆ ಅದು ಹಟವಲ್ಲ, ಕಾಯಿಲೆ. ಬೈಯಬೇಡಿ, ಚಿಕಿತ್ಸೆ ಕೊಡಿಸಿ.

ತೂಕ ಏರುತ್ತಿದ್ದದ್ದು ನಿಂತರೆ? ಎರಡು-ಮೂರು ವಾರ ಕದಲದಿದ್ದರೆ ಇನ್ನೊಂದು 200 ಕ್ಯಾಲರಿ ಸೇರಿಸಿ. ಒಂದು ಬಾಳೆಹಣ್ಣು, ಎರಡು ಚಮಚ ತುಪ್ಪ ಅಷ್ಟಕ್ಕೆ ಸಾಕು.

ಕೊನೆಯ ಪ್ರಶ್ನೆ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯಿಂದ ಬಂದ ತಾಯಿಯದು: 'ಹಾಲು, ಮೊಟ್ಟೆ ದಿನಾ ಎಲ್ಲಿಂದ ತರುವುದು ಸಾರ್?' ಅಮ್ಮ, ಪಡಿತರದ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಕೊರತೆ ಬೀಳುವುದು ಪ್ರೋಟೀನ್‌ನದು. ಸೋಯಾ ಚಂಕ್ಸ್ ಎಂದು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಐವತ್ತು ಗ್ರಾಂ ಒಣ ಸೋಯಾದಲ್ಲಿ 26 ಗ್ರಾಂ ಪ್ರೋಟೀನ್, ನಾಲ್ಕು ಮೊಟ್ಟೆಗಿಂತ ಹೆಚ್ಚು. ಕುದಿಯುವ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟು, ಬಸಿದು, ತಣ್ಣೀರಿನಲ್ಲಿ ಎರಡು ಸಲ ಹಿಂಡಿ. ಹಿಂಡದಿದ್ದರೆ ಹಸಿ ವಾಸನೆ ಉಳಿದು ಮಕ್ಕಳು ತಿನ್ನುವುದಿಲ್ಲ. ಆಮೇಲೆ ಕೋಳಿ ಸಾರಿಗೆ ಹಾಕುವ ಮಸಾಲೆಯನ್ನೇ ಹಾಕಿ ಬೇಯಿಸಿ. ವಾರದಲ್ಲಿ ಮೂರು ದಿನ ಅದು, ಮೂರು ದಿನ ಮೊಳಕೆ ಹುರುಳಿ, ಒಂದು ದಿನ ಮೊಟ್ಟೆಯೋ ಮೀನೋ. ಹುಡುಗ ಶಾಲೆಯಿಂದ ಬಂದ ಕೂಡಲೇ ಕೊಡಿ, ರಾತ್ರಿಯ ಊಟದವರೆಗೆ ಕಾಯಿಸಬೇಡಿ.